ಏನೂ ಮಾಡದ ಪ್ರೋಗ್ರಾಮಿನ ವಂಶವೃಕ್ಷ

ಪ್ರೋಗ್ರಾಮಿಂಗ್ ಕಲಿಯುವವರು ಮೊದಲು 'ಹಲೋ, ವರ್ಲ್ಡ್' ಎಂದು ಪರದೆಯ ಮೇಲೆ ಮೂಡಿಸುವ ಶಾಸ್ತ್ರ ಹುಟ್ಟಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಬ್ರಯಾನ್ ಕರ್ನಿಗನ್ ಎಪ್ಪತ್ತರ ದಶಕದ ಆರಂಭದಲ್ಲಿ 'ಬಿ' ಭಾಷೆಗೆ ಬರೆದ ಪಾಠದಲ್ಲಿ ಅದು ಕಾಣಿಸಿತು. ಡೆನಿಸ್ ರಿಚಿ ಜೊತೆ ಸೇರಿ ಅವರು 1978ರಲ್ಲಿ ತಂದ 'ಸಿ' ಪುಸ್ತಕ ಅದನ್ನು ಎಲ್ಲೆಡೆ ಹಬ್ಬಿಸಿತು. ನಾಲ್ಕೈದು ಸಾಲು ಬರೆದು ಒಂದು ಸಲ ಕಂಪೈಲ್ ಮಾಡಿದರೆ ಮುಗಿಯಿತು. ನಾನೂ ಹಾಗೇ ಕಲಿತವನು. ಆದರೆ ನನ್ನ ಓರಗೆಯವರಿಗೆ ಅನ್ನದ ದಾರಿ ತೋರಿಸಿದ್ದು ಜೆನೆರಿಕ್ ಎಂಬ ಇನ್ನೊಂದು ಪ್ರೋಗ್ರಾಂ. ಅದರ ಹೆಸರು ಈಗ ಯಾರ ಬಾಯಲ್ಲೂ ಇಲ್ಲ.

ವಿಂಡೋಸ್ 1.0 ಬಂದದ್ದು 1985ರ ನವೆಂಬರಿನಲ್ಲಿ. ಅದಕ್ಕೆ ಪ್ರೋಗ್ರಾಂ ಬರೆಯುವವರಿಗೆಂದು ಕೊಡುತ್ತಿದ್ದ ಕಿಟ್, ಅಂದರೆ ಎಸ್‌ಡಿಕೆಯಲ್ಲಿದ್ದ ಹಲೋ ಪ್ರೋಗ್ರಾಂ ಸುಮಾರು ನೂರೈವತ್ತು ಸಾಲಿನದು. ಎರಡು ಪದ ಮೂಡಿಸಲು ಇಷ್ಟು ಗೋಳೇ ಎಂದು ಡಾಸ್‌ನವರು ನಕ್ಕರು. ನಗುವಂಥದ್ದೇ ಬಿಡಿ. ಡಾಸ್‌ನಲ್ಲಿ ಪ್ರೋಗ್ರಾಮೇ ಯಜಮಾನ. ವಿಂಡೋಸ್‌ನಲ್ಲಿ ಅದು ತನ್ನ ವಿಂಡೋ ಎಂಥದ್ದೆಂದು ಮೊದಲು ನೋಂದಾಯಿಸಿ, ಆಮೇಲೆ ಸಂದೇಶ ಬರುವವರೆಗೆ ಕೈಕಟ್ಟಿ ಕೂರಬೇಕು. 1988ರಲ್ಲಿ ವಿಂಡೋಸ್ ಪ್ರೋಗ್ರಾಮಿಂಗ್ ಬಗ್ಗೆ ಚಾರ್ಲ್ಸ್ ಪೆಟ್ಜೋಲ್ಡ್ ಪುಸ್ತಕ ಬಂದಮೇಲೆ ಈ ಹೊಸ ನಡಾವಳಿ ಎಷ್ಟೋ ಜನರಿಗೆ ತಲೆಗೆ ಹತ್ತಿತು.

1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಂತು. ಕ್ರಮೇಣ ಬೆಂಗಳೂರಿನ ಸಣ್ಣಪುಟ್ಟ ಕಂಪನಿಗಳಿಗೂ ವಿಂಡೋಸ್ ಕೆಲಸ ಸಿಗತೊಡಗಿತು. ನಮ್ಮಲ್ಲಿ ಎಸ್‌ಡಿಕೆ ಪೆಟ್ಟಿಗೆ ಇದ್ದದ್ದು ಮ್ಯಾನೇಜರ್ ಬೀರುವಿನಲ್ಲಿ, ಬೀಗದೊಳಗೆ. ಒಂದಷ್ಟು ಫ್ಲಾಪಿ, ದಪ್ಪ ಮ್ಯಾನ್ಯುಯಲ್‌ಗಳು. ಸಿ ಕಂಪೈಲರನ್ನು ಬೇರೆಯೇ ಕೊಳ್ಳಬೇಕಿತ್ತು.

ಫ್ಲಾಪಿಯಲ್ಲಿದ್ದ ಸ್ಯಾಂಪಲ್‌ಗಳಲ್ಲಿ ಜೆನೆರಿಕ್ ಮೊದಲನೆಯದು. ಒಂದು ಖಾಲಿ ವಿಂಡೋ, ಮೇಲೆ ಹೆಲ್ಪ್ ಮೆನು, ಅದರೊಳಗೆ ಒಂದೇ ಒಂದು ಅಬೌಟ್ ಬಾಕ್ಸ್. ಅಷ್ಟೇ. ಇಷ್ಟಕ್ಕೆ ಸಿ ಫೈಲು, ಹೆಡರ್ ಫೈಲು, ಮೆನು-ಡೈಲಾಗ್ ವಿವರದ ಆರ್‌ಸಿ ಫೈಲು, ಡೆಫ್ ಫೈಲು, ಮೇಕ್‌ಫೈಲು ಎಲ್ಲ ಬೇಕು. ಎನ್‌ಮೇಕ್ ಎಂದು ಹೊಡೆದರೆ ಮೊದಲು ಆರ್‌ಸಿ ಎಂಬ ಟೂಲ್ ಓಡಿ ರಿಸೋರ್ಸ್ ತಯಾರಿಸುತ್ತಿತ್ತು. ಆಮೇಲೆ ಸಿಎಲ್ ಕಂಪೈಲ್ ಮಾಡಿ, ಲಿಂಕರ್ ಇಎಕ್ಸ್‌ಇ ಕಟ್ಟಿದ ಮೇಲೆ, ಆ ರಿಸೋರ್ಸನ್ನು ಅದಕ್ಕೆ ಅಂಟಿಸಲು ಆರ್‌ಸಿ ಇನ್ನೊಮ್ಮೆ ಓಡುತ್ತಿತ್ತು. ನಮ್ಮ 386 ಯಂತ್ರ ಇಷ್ಟನ್ನು ಮುಗಿಸುವ ಹೊತ್ತಿಗೆ ಆರಾಮಾಗಿ ಬೈಟು ಕಾಫಿ ಕುಡಿದು ಬರಬಹುದಿತ್ತು.

ಕಣ್ಣಿಗೆ ಬೀಳದೆ ಕಾಟ ಕೊಡುತ್ತಿದ್ದದ್ದು ಡೆಫ್ ಫೈಲು. ಅದರ ಕೊನೆಯಲ್ಲಿದ್ದ ಎಕ್ಸ್‌ಪೋರ್ಟ್ಸ್ ಪಟ್ಟಿಯಲ್ಲಿ ವಿಂಡೋಸ್ ಕರೆಯಬೇಕಾದ ಫಂಕ್ಷನ್ನುಗಳ ಹೆಸರಿರಬೇಕು. ಹೆಸರು ಬಿಟ್ಟುಹೋದರೂ ಕಂಪೈಲರ್ ಚಕಾರ ಎತ್ತುತ್ತಿರಲಿಲ್ಲ. ರನ್ ಮಾಡಿದಾಗ ವಿಂಡೋಸ್ ಫಂಕ್ಷನ್ನನ್ನು ಕರೆಯುತ್ತದೆ, ಆದರೆ ಅದರ ಡೇಟಾ ಸೆಗ್ಮೆಂಟ್ ಹೊಂದಿಸಿರುವುದಿಲ್ಲ. ಅದು ಯಾರದೋ ಮೆಮೊರಿಗೆ ಕೈಹಾಕುತ್ತದೆ. 'ಅನ್‌ರಿಕವರಬಲ್ ಅಪ್ಲಿಕೇಶನ್ ಎರರ್' ಎಂಬ ಪೆಟ್ಟಿಗೆ ಪರದೆ ಮೇಲೆ ನಿಂತರೆ ಮುಗಿಯಿತು. ಡಿಬಗ್ ಮಾಡೋಣವೆಂದರೆ ಆಗಿನ ಡಿಬಗರ್ ಕೋಡ್‌ವ್ಯೂಗೆ ಪಕ್ಕದಲ್ಲಿ ಇನ್ನೊಂದು ಮಾನೋಕ್ರೋಮ್ ಮಾನಿಟರ್ ಬೇಕಿತ್ತು.

ಇದನ್ನೆಲ್ಲ ಸೊನ್ನೆಯಿಂದ ಬರೆಯುವ ಸಾಹಸಕ್ಕೆ ಯಾರು ಇಳಿಯುತ್ತಾರೆ? ಮ್ಯಾನ್ಯುಯಲ್ಲೇ ದಾರಿ ಹೇಳಿಕೊಟ್ಟಿತ್ತು: ಜೆನೆರಿಕ್ ಫೈಲುಗಳನ್ನು ಕಾಪಿ ಮಾಡಿಕೊಳ್ಳಿ, ಎಲ್ಲೆಲ್ಲಿ ಜೆನೆರಿಕ್ ಎಂದಿದೆಯೋ ಅಲ್ಲೆಲ್ಲ ನಿಮ್ಮ ಪ್ರೋಗ್ರಾಮಿನ ಹೆಸರು ಹಾಕಿ. ಎಸ್‌ಡಿಕೆಯ ಉಳಿದ ಹಲವು ಸ್ಯಾಂಪಲ್‌ಗಳೂ ಇದೇ ಹೆಪ್ಪಿನಿಂದ ಆದವು. ಎಡಿಟ್‌ಕಂಟ್ರೋಲ್ ಎಂಬ ಸ್ಯಾಂಪಲ್‌ಗೆ ಫೈಲ್ ತೆರೆಯುವ ಕೋಡ್ ಸೇರಿಸಿದರೆ ಎಡಿಟ್‌ಫೈಲ್, ಅದಕ್ಕೆ ಪ್ರಿಂಟಿಂಗ್ ಸೇರಿಸಿದರೆ ಪ್ರಿಂಟ್‌ಫೈಲ್. ಈ ಸಾಲನ್ನು ಕ್ರಮವಾಗಿ ಬಿಲ್ಡ್ ಮಾಡುತ್ತ ಹೋದವನಿಗೆ ಬೇರೆ ತರಬೇತಿ ಬೇಕಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾವಿರಾರು ರೂಪಾಯಿ ಫೀ ತೆಗೆದುಕೊಂಡ ಇನ್‌ಸ್ಟಿಟ್ಯೂಟ್‌ಗಳು ಅದರ ಅರ್ಧವನ್ನೂ ಕಲಿಸಲಿಲ್ಲ.

ಕಾಪಿ ಹೊಡೆದ ಗುರುತು ಉಳಿಯುತ್ತಿತ್ತು ಅನ್ನಿ. ಎಸ್‌ಡಿಕೆ ಜೊತೆ ಸ್ಪೈ ಎಂಬ ಟೂಲ್ ಬರುತ್ತಿತ್ತು; ಓಡುತ್ತಿರುವ ಯಾವ ವಿಂಡೋ ಆದರೂ ಅದು ನೋಂದಾಯಿಸಿದ್ದ ಕ್ಲಾಸ್ ಹೆಸರು ಹೇಳುತ್ತಿತ್ತು. ದುಬಾರಿ ಬೆಲೆಗೆ ಮಾರಾಟವಾದ ಒಂದು ಬಿಲ್ಲಿಂಗ್ ಪ್ಯಾಕೇಜಿನ ಮೇಲೆ ಸ್ಪೈ ಇಟ್ಟರೆ ಕಂಡದ್ದು 'ಜೆನೆರಿಕ್‌ಡಬ್ಲ್ಯುಕ್ಲಾಸ್'! ಬರೆದ ಪುಣ್ಯಾತ್ಮ ಆ ಒಂದು ಸಾಲು ಬದಲಿಸಿರಲಿಲ್ಲ.

1993ರಲ್ಲಿ ವಿಷುಯಲ್ ಸಿ ಪ್ಲಸ್ ಪ್ಲಸ್ ತನ್ನ ಆಪ್‌ವಿಜಾರ್ಡ್ ತಂದಮೇಲೆ ಕಾಪಿ ಮಾಡುವ ಕೆಲಸವನ್ನೂ ಯಂತ್ರವೇ ವಹಿಸಿಕೊಂಡಿತು. ಸ್ಯಾಂಪಲ್ ಕೊಡುವ ಪದ್ಧತಿ ಮಾತ್ರ ನಿಲ್ಲಲಿಲ್ಲ. 1996ರ ಜಾವಾ ಕಿಟ್‌ನಲ್ಲಿ ಟಿಕ್‌ಟ್ಯಾಕ್‌ಟೋ ಆಪ್ಲೆಟ್ ಇತ್ತು. 2007ರ ಆಂಡ್ರಾಯ್ಡ್ ಎಸ್‌ಡಿಕೆಯಲ್ಲಿ ಚಂದ್ರನ ಮೇಲೆ ನೌಕೆ ಇಳಿಸುವ ಆಟ. ಆದರೆ 2012ರ ವಿಂಡೋಸ್ 8 ಎಸ್‌ಡಿಕೆಯಲ್ಲಿ ಸ್ಯಾಂಪಲ್‌ಗಳೇ ಇರಲಿಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕಾಯಿತು.

ಹಾಗೆಂದು ಜೆನೆರಿಕ್ ಸತ್ತಿಲ್ಲ. ಇವತ್ತಿನ ವಿಷುಯಲ್ ಸ್ಟುಡಿಯೋದಲ್ಲಿ ವಿಂಡೋಸ್ ಡೆಸ್ಕ್‌ಟಾಪ್ ಅಪ್ಲಿಕೇಶನ್ ಆರಿಸಿ ಬಿಲ್ಡ್ ಒತ್ತಿ ನೋಡಿ: ಖಾಲಿ ವಿಂಡೋ, ಹೆಲ್ಪ್ ಮೆನು, ಅಬೌಟ್ ಬಾಕ್ಸ್. ಕೋಡ್ ತೆರೆದರೆ ಇನಿಟ್‌ಇನ್‌ಸ್ಟೆನ್ಸ್, ಅಬೌಟ್ ಎಂಬ ಫಂಕ್ಷನ್ನುಗಳು ಈಗಲೂ ಅದೇ ಹೆಸರಿನಲ್ಲಿವೆ.