ಎರಡನೆಯ ಸಹಿ

ಮನೆ ಮೇನೂತ್‌ನಲ್ಲಿ, ಕೆಲಸ ಡಬ್ಲಿನ್‌ನಲ್ಲಿ. ರಾಯಲ್ ಕಾಲುವೆಯ ಪಕ್ಕ ಓಡುವ ರೈಲಿನಲ್ಲಿ ನಾನು ಓದುವುದು ಹೆಚ್ಚಾಗಿ ಬ್ಯಾಲೆನ್ಸ್ ಶೀಟುಗಳನ್ನೇ. 2024ರ ಅಕ್ಟೋಬರ್‌ನಲ್ಲಿ ಮಾತ್ರ ಬೇರೆ ಬಗೆಯ ಸಂಖ್ಯೆಯೊಂದರ ಸುದ್ದಿ ಕಣ್ಣಿಗೆ ಬಿತ್ತು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, 1 ಕಳೆದರೆ ಬರುವ ಸಂಖ್ಯೆ ಅವಿಭಾಜ್ಯ. ಅದರಲ್ಲಿ 4,10,24,320 ಅಂಕಿಗಳಿವೆ. ಹಿಂದಿನ ದಾಖಲೆ 2018ರದ್ದು. ಅದಕ್ಕಿಂತ ಇದರಲ್ಲಿ 1.6 ಕೋಟಿ ಅಂಕಿ ಹೆಚ್ಚು.

ಹುಡುಕಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್. ಹದಿನೇಳು ದೇಶಗಳಲ್ಲಿ ಹರಡಿದ್ದ ಯಂತ್ರಗಳನ್ನು ಅವರು ಈ ಕೆಲಸಕ್ಕೆ ಹಚ್ಚಿದ್ದರು. ಅಕ್ಟೋಬರ್ 11ರಂದು ಮೊದಲ ಸುಳಿವು ಕೊಟ್ಟದ್ದು ನಮ್ಮ ಡಬ್ಲಿನ್‌ನ ಯಂತ್ರ. ಆದರೆ ಅದು ಹೇಳಿದ್ದು 'ಬಹುಶಃ' ಎಂದಷ್ಟೇ. ಮರುದಿನ ಟೆಕ್ಸಸ್‌ನ ಇನ್ನೊಂದು ಯಂತ್ರ ಬೇರೆ ಪರೀಕ್ಷೆಯಿಂದ ಖಚಿತಪಡಿಸಿತು. ಮತ್ತಷ್ಟು ಮರುಪರಿಶೀಲನೆಯ ನಂತರವೇ, 21ರಂದು, ಘೋಷಣೆಯಾಯಿತು.

ಆ ಪರೀಕ್ಷೆಯ ಕ್ರಮ ಸರಳ. 31ನ್ನು ನೋಡಿ: ಐದು ಎರಡುಗಳ ಗುಣಲಬ್ಧ 32, ಅದರಲ್ಲಿ 1 ಕಳೆದದ್ದು. 4ರಿಂದ ಶುರುಮಾಡಿ. ವರ್ಗ ಮಾಡಿ 2 ಕಳೆಯಿರಿ, 31ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. 4, 14, 8, 0. ಮೂರನೆಯ ಹೆಜ್ಜೆಗೆ ಸೊನ್ನೆ ಬಂತು, 31 ಅವಿಭಾಜ್ಯ. ಹೊಸ ಸಂಖ್ಯೆಗೆ ಇಂಥ ಹೆಜ್ಜೆಗಳು ಹದಿಮೂರು ಕೋಟಿಗೂ ಹೆಚ್ಚು.

ಈ ಜಾತಿಯ ಸಂಖ್ಯೆಗಳಿಗೆ ಹೆಸರು ಬಂದದ್ದು ಫ್ರಾನ್ಸಿನ ಪಾದ್ರಿ ಮರ್ಸೆನ್‌ನಿಂದ. 1644ರಲ್ಲಿ ಅವರು 257ರವರೆಗಿನ ಘಾತಗಳಿಗೆ ಒಂದು ಪಟ್ಟಿ ಕೊಟ್ಟರು. ಅದರಲ್ಲಿ 67, 257 ಇರಬಾರದಿತ್ತು. 61, 89, 107 ಇರಬೇಕಿತ್ತು. ಅಷ್ಟು ದೊಡ್ಡ ಲೆಕ್ಕವನ್ನು ಕೈಯಲ್ಲಿ ತಾಳೆ ನೋಡುವವರಾರು? ತಪ್ಪುಗಳು ಎರಡು ಶತಮಾನಕ್ಕೂ ಮೀರಿ ಉಳಿದವು. ಘಾತ 67ರ ಸಂಖ್ಯೆ ಅವಿಭಾಜ್ಯವಲ್ಲವೆಂದು 1876ರಲ್ಲಿ ಲೂಕಾಸ್ ತೋರಿಸಿದರು. 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಅದರ ಅಪವರ್ತನಗಳನ್ನೇ ಮುಂದಿಟ್ಟರು: 193707721 ಮತ್ತು 761838257287. ಸಭೆಯಲ್ಲಿ ಮಾತಿಲ್ಲದೆ ಹಲಗೆಯ ಮೇಲೆ ಗುಣಿಸಿ ತೋರಿಸಿದರೆಂದು ಕಥೆಯಿದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಬೆಂಗಳೂರಿನ ಆರ್ಟಿಕಲ್‌ಶಿಪ್ ದಿನಗಳು. ಒಂದು ಗೋದಾಮಿನಲ್ಲಿ ದಾಸ್ತಾನು ಎಣಿಸಲು ಕಳಿಸಿದ್ದರು. ಮಧ್ಯಾಹ್ನದ ಬಿಸಿಲು, ಹಿಂದಿನ ವರ್ಷದ ಹಾಳೆಯಲ್ಲಿ ಹಿರಿಯರ ಸಹಿ. ಎಣಿಸದೆ ಟಿಕ್ ಹಾಕಿದೆ. ಮುಂದಿನ ವರ್ಷ ಕೊರತೆ ಬಯಲಾದಾಗ ಕೆಲಸ ಕಳೆದುಕೊಂಡವನು ಗೋದಾಮಿನ ಗುಮಾಸ್ತ. ಕೊರತೆ ಅವನ ಕಾಲದ್ದೋ ಅದಕ್ಕೂ ಹಿಂದಿನದೋ ಎಂದು ಹೇಳಬಹುದಾಗಿದ್ದುದು ನನ್ನ ಎಣಿಕೆಯೊಂದೇ. ಅದು ಇರಲೇ ಇಲ್ಲ. ನಾನು ಬಾಯಿ ಬಿಡಲಿಲ್ಲ.

ಈ ಸಂಖ್ಯೆಯಿಂದ ಸದ್ಯಕ್ಕೆ ಹೇಳಿಕೊಳ್ಳುವಂಥ ಉಪಯೋಗವೇನೂ ಇಲ್ಲ. ಆದರೂ ಡಬ್ಲಿನ್‌ನ ಯಂತ್ರ ಹೇಳಿತೆಂದು ಯಾರೂ ಅದನ್ನು ಹಾಗೇ ಒಪ್ಪಲಿಲ್ಲ. ಕಚೇರಿಯ ಕಿರಿಯರು, "ಹೋದ ವರ್ಷದ್ದೇ ಇದೆಯಲ್ಲ, ಮತ್ತೆ ಎಣಿಸಬೇಕೆ?" ಎಂದು ಗೊಣಗುತ್ತಾರೆ. ಎಣಿಸಿ ಎನ್ನುತ್ತೇನೆ. ಕಾರಣವನ್ನು ಇದುವರೆಗೆ ಅವರಿಗೆ ಹೇಳಿರಲಿಲ್ಲ.