ಮೊದಲು ಬಳಸಿ, ಆಮೇಲೆ ಹಣ ಕಳುಹಿಸಿ

ಅಂಗಡಿಯವನೊಬ್ಬ ಸಾಮಾನನ್ನು ನಿಮ್ಮ ಕೈಗಿತ್ತು, "ಬಳಸಿ ನೋಡಿ, ಗೆಳೆಯರಿಗೂ ಹಂಚಿ; ಹಿಡಿಸಿದರೆ ಹಣ ಕಳುಹಿಸಿ" ಎಂದರೆ, ಅವನು ಬೇಗನೆ ದಿವಾಳಿಯಾಗುತ್ತಾನೆಂದೇ ನೀವು ಹೇಳುವಿರಿ. 1982ರಲ್ಲಿ ಅಮೆರಿಕದ ಇಬ್ಬರು ಹೀಗೆಯೇ ವ್ಯಾಪಾರಕ್ಕಿಳಿದರು!

ಐಬಿಎಂ ಉದ್ಯೋಗಿ ಜಿಮ್ ನಾಫ್ ತಮ್ಮ ಚರ್ಚಿನವರಿಗಾಗಿ ವಿಳಾಸಚೀಟಿ ಮುದ್ರಿಸಲು ಬರೆದ ತಂತ್ರಾಂಶವೇ ಮುಂದೆ 'ಪಿಸಿ-ಫೈಲ್' ಆಯಿತು. ಆಂಡ್ರ್ಯೂ ಫ್ಲೂಗಲ್‌ಮನ್ ಅವರದು ದೂರವಾಣಿ ತಂತಿಯ ಮೂಲಕ ಗಣಕಗಳನ್ನು ಬೆಸೆಯುವ 'ಪಿಸಿ-ಟಾಕ್'. ಫ್ಲಾಪಿಯಿಂದ ಫ್ಲಾಪಿಗೆ ನಕಲು ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಅದನ್ನು ತಡೆಯಲು ಕಂಪನಿಗಳು ಹೆಣಗುತ್ತಿದ್ದಾಗ, ಇವರು ನಕಲು ಮಾಡುವವರನ್ನೇ ತಮ್ಮ ವಿತರಕರನ್ನಾಗಿ ಮಾಡಿಕೊಂಡರು. ಹಣ ಬಂತೇ? ಬಂತು. ಕೆಲವೇ ವರ್ಷಗಳಲ್ಲಿ ನಾಫ್ ನೌಕರಿ ಬಿಟ್ಟು ಇದನ್ನೇ ವೃತ್ತಿಯಾಗಿಸಿಕೊಂಡರು.

'ಶೇರ್‌ವೇರ್' ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಬಾಬ್ ವ್ಯಾಲೇಸ್ ಮುಖ್ಯರು. ಮೈಕ್ರೋಸಾಫ್ಟ್ ತೊರೆದು ಅವರು 1983ರಲ್ಲಿ ತಂದ 'ಪಿಸಿ-ರೈಟ್' ಎಂಬ ಬರವಣಿಗೆಯ ತಂತ್ರಾಂಶಕ್ಕೆ ನೋಂದಣಿ ಶುಲ್ಕ 75 ಡಾಲರ್. ನೋಂದಾಯಿಸಿದವರ ಪ್ರತಿಗೆ ಒಂದು ಕ್ರಮಸಂಖ್ಯೆ. ಆ ಪ್ರತಿಯ ನಕಲು ಪಡೆದವರು ತಾವೂ ನೋಂದಾಯಿಸಿದರೆ, ಕೊಟ್ಟವರಿಗೆ 25 ಡಾಲರ್ ಕಮಿಷನ್! ಮೂವರು ಗೆಳೆಯರು ಹಣ ಕಟ್ಟಿದರೆ ನಿಮ್ಮ ದುಡ್ಡು ಪೂರ್ತಿ ವಾಪಸು. ಹಂಚುವ ಆಸೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರವುಂಟೇ?

ಆದರೆ ಬಳಸಿದವರೆಲ್ಲ ಹಣ ಕಳುಹಿಸಲಿಲ್ಲ. ಹೀಗಾಗಿ ನಂಬಿಕೆಯ ಪಕ್ಕದಲ್ಲಿ ಬೀಗವೂ ಬಂದು ಕೂತಿತು. ಕೆಲವು ತಂತ್ರಾಂಶಗಳು ತಿಂಗಳಾದ ಮೇಲೆ ನಿಂತುಹೋದವು. ಕೆಲವು ಬರೆಯಲು ಬಿಟ್ಟರೂ ಮುದ್ರಿಸಲು ಬಿಡಲಿಲ್ಲ. ಹಣ ಕಟ್ಟಿದವರಿಗೆ ಬರುತ್ತಿದ್ದುದು ಒಂದು ಕೀಲಿಸಂಖ್ಯೆ. ಅದು ಬಹಳ ವೇಳೆ ಕೊಂಡವರ ಹೆಸರಿನ ಅಕ್ಷರಗಳನ್ನೇ ಅಂಕಿಗಳಾಗಿಸಿ ಗುಣಿಸಿ ಕೂಡಿಸಿ ಪಡೆದದ್ದು. ಸಂಖ್ಯೆ ಟೈಪ್ ಮಾಡಿದೊಡನೆ ತಂತ್ರಾಂಶವೂ ಅದೇ ಲೆಕ್ಕ ಮಾಡುತ್ತದೆ. ತಾಳೆಯಾದರೆ ಬಾಗಿಲು ತೆರೆಯುತ್ತದೆ. ಇಲ್ಲೇ ತೊಡಕು ನೋಡಿ: ಲೆಕ್ಕದ ಗುಟ್ಟು ಬಳಸುವವರ ಗಣಕದಲ್ಲೇ ಇದೆ. ಚತುರರು ಅದನ್ನು ಹುಡುಕಿ ತೆಗೆದು, ಕಳ್ಳಕೀಲಿ ಹಂಚತೊಡಗಿದರು.

ಸ್ಕಾಟ್ ಮಿಲ್ಲರ್ ಬೇರೆ ದಾರಿ ಹಿಡಿದರು. 1987ರಲ್ಲಿ ಅವರು 'ಕ್ರೋಜ್' ಆಟದ ಮೊದಲ ಕಂತನ್ನು ಮಾತ್ರ ಪುಕ್ಕಟೆ ಹಂಚಿದರು. ಉಳಿದ ಕಂತುಗಳು ಆ ಫ್ಲಾಪಿಯಲ್ಲಿ ಇರಲೇ ಇಲ್ಲ, ಒಡೆಯಲು ಬೀಗವಾದರೂ ಎಲ್ಲಿ? ಧಾರಾವಾಹಿಗಾಗಿ ವಾರವಿಡೀ ಕಾದವರಿಗೆ ಈ ಉಪಾಯ ಚೆನ್ನಾಗಿ ಗೊತ್ತು. 1993ರ ಡಿಸೆಂಬರ್ 10ರಂದು ಹೊರಬಂದ 'ಡೂಮ್' ಆಟವೂ 9 ಹಂತಗಳನ್ನು ಉಚಿತವಾಗಿ ಕೊಟ್ಟು, ಮುಂದಿನ 18ಕ್ಕೆ ಹಣ ಕೇಳಿತು.

ಹಳೆಯ ನಂಬಿಕೆ ಪೂರ್ತಿ ಅಳಿದಿಲ್ಲ. 1995ರಲ್ಲಿ ಬಂದ 'ವಿನ್‌ರಾರ್' ತಂತ್ರಾಂಶದ 40 ದಿನಗಳ ಪರೀಕ್ಷಾವಧಿ ಮುಗಿದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ತೆರೆದಾಗ ಒಮ್ಮೆ, ಕೊಂಡುಕೊಳ್ಳಿರೆಂದು ನೆನಪಿಸುತ್ತದೆ, ಅಷ್ಟೆ.