ಫ್ಯೂಸ್ ಇದ್ದರೂ ಶಾಕ್ ಹೊಡೆಯುವುದೇಕೆ?

‘ಮನೆಯ ವಿದ್ಯುತ್ ಮಂಡಲದಲ್ಲಿ ಫ್ಯೂಸ್‌ನ ಕಾರ್ಯವೇನು?’ ಹೈಸ್ಕೂಲು ವಿದ್ಯಾರ್ಥಿಗಳ ಹೋಂವರ್ಕ್‌ನಲ್ಲಿ ತಪ್ಪದೇ ಕಾಣಿಸಿಕೊಳ್ಳುವ ಪ್ರಶ್ನೆಯಿದು. ‘ಶಾಕ್ ಹೊಡೆಯದಂತೆ ತಡೆಯುವುದು’ ಎಂದು ಬರೆಯುವವರೇ ಹೆಚ್ಚು. ಈ ಉತ್ತರ ತಪ್ಪು. ಹಿರಿಯರಲ್ಲೂ ಇರುವ ಇದೇ ತಪ್ಪು ತಿಳಿವಳಿಕೆ ಜೀವಕ್ಕೆ ಎರವಾಗಬಲ್ಲದು.

ಫ್ಯೂಸ್, ಎಂಸಿಬಿ: ತಂತಿ ತಾಳಿಕೊಳ್ಳುವುದಕ್ಕಿಂತ ಹೆಚ್ಚು ವಿದ್ಯುತ್ ಹರಿದಾಗ ಫ್ಯೂಸ್ ಕರಗುತ್ತದೆ, ಎಂಸಿಬಿ ತಾನಾಗಿಯೇ ಕೆಳಗಿಳಿಯುತ್ತದೆ. ತಂತಿ ಕಾದು ಬೆಂಕಿ ಹತ್ತಿಕೊಳ್ಳದಂತೆ ತಡೆಯುವುದು ಇವುಗಳ ಮುಖ್ಯ ಕೆಲಸ.

ಲೆಕ್ಕ ಹೀಗಿದೆ: ಮನೆಗೆ ಬರುವ ವಿದ್ಯುತ್ 230 ವೋಲ್ಟ್. ದೇಹದ ರೋಧ 1000 ಓಮ್ ಎಂದಿಟ್ಟುಕೊಂಡರೆ, ಓಮ್ ನಿಯಮದಂತೆ ದೇಹದಲ್ಲಿ ಹರಿಯುವುದು 0.23 ಆಂಪಿಯರ್. ಪ್ರಾಣ ತೆಗೆಯಲು ಇಷ್ಟು ಸಾಕು. ಆದರೆ 6 ಆಂಪಿಯರ್‌ನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಒದ್ದೆ ಚರ್ಮದ ರೋಧ ಕಡಿಮೆಯಾದ್ದರಿಂದ ಸ್ನಾನಗೃಹದಲ್ಲಿ ಅಪಾಯ ಹೆಚ್ಚು.

ಅರ್ತಿಂಗ್: ಗೀಸರ್, ಇಸ್ತ್ರಿಪೆಟ್ಟಿಗೆಗಳ ಲೋಹದ ಕವಚಕ್ಕೆ ಫೇಸ್ ತಂತಿ ತಗುಲಿದರೆ ವಿದ್ಯುತ್ತಿಗೆ ಭೂಮಿಯತ್ತ ಸುಲಭದ ಹಾದಿಯನ್ನು ಇದು ಒದಗಿಸುತ್ತದೆ. ಪ್ಲಗ್ಗಿನ ಮೂರನೇ ಪಿನ್ ಉದ್ದವಾಗಿರುವುದು ಅದು ಮೊದಲು ಕೂಡಿಕೊಂಡು, ಕೊನೆಗೆ ಬಿಡಲೆಂದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಸಿಕ್ಕಿಸುವುದೆಂದರೆ ಈ ರಕ್ಷಣೆಯನ್ನು ಕೈಯಾರೆ ಕಳೆದುಕೊಂಡಂತೆ.

ಆರ್‌ಸಿಸಿಬಿ: ಫೇಸ್ ತಂತಿಯಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್ ತಂತಿಯಲ್ಲಿ ಅಷ್ಟೇ ಹಿಂತಿರುಗಬೇಕು. ದೇಹದ ಮೂಲಕ ಭೂಮಿಗೆ ಸೋರಿದರೆ ಲೆಕ್ಕ ತಪ್ಪುತ್ತದೆ. ಮನೆಗಳಿಗೆ ಸೂಚಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಈ ವ್ಯತ್ಯಾಸ ಗುರುತಿಸಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಆದರೆ ಇದು ಓವರ್‌ಲೋಡ್ ತಡೆಯದು. ಆದ್ದರಿಂದ ಎಂಸಿಬಿಯೂ ಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿ, ವಿದ್ಯುತ್ ಭೂಮಿಗೆ ಸೋರದಿದ್ದರೆ ಆರ್‌ಸಿಸಿಬಿಯೂ ಕಾಪಾಡಲಾರದು. ಅದರ ಮೇಲಿರುವ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ಪರೀಕ್ಷಿಸುವುದು ಅಗತ್ಯ.

ಶಾಕ್ ಹೊಡೆದಾಗ: ಸಿಲುಕಿಕೊಂಡವರನ್ನು ಬರಿಗೈಯಲ್ಲಿ ಮುಟ್ಟಕೂಡದು. ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣನೆಲದ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು. ಬೀದಿಯಲ್ಲಿ ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಸುಳಿಯದೆ, ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಬೇಕು.

ಹೋಂವರ್ಕ್‌ಗೆ ಸರಿಯುತ್ತರ: ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯನನ್ನು ಕಾಯಲು ಅರ್ತಿಂಗ್ ಮತ್ತು ಆರ್‌ಸಿಸಿಬಿ ಬೇಕು.